ಬ್ಯಾಂಕ್ ಇಂಟರ್‌ವ್ಯೂನಲ್ಲಿ ಸೀರೆ ಅಂಗಡಿಯ ಕಥೆ ಹೇಳಿದೆ, ಕೆಲಸ ಸಿಕ್ಕಿತು: ನನ್ನ ಅನುಭವ

ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡಿದ್ದನ್ನು ಇಂಟರ್‌ವ್ಯೂನಲ್ಲಿ ಎತ್ತಲೇಬೇಡ ಅಂತ ನನಗೆ ಎಲ್ಲರೂ ಹೇಳಿದ್ದರು. ಕೋಚಿಂಗ್ ಸರ್ ಹೇಳಿದರು, ಅಣ್ಣ ಹೇಳಿದ, ಅಂಗಡಿಯ ಜೊತೆಗಾತಿಯರೂ ಹೇಳಿದರು. "ಸೀರೆ ಮಡಚಿದ್ದನ್ನ ಬ್ಯಾಂಕ್‌ನೋರ ಮುಂದೆ ಹೇಳ್ತೀಯಾ?" ಅಂದರು. ನಾನು ಅದನ್ನೇ ಹೇಳಿದೆ. ಈಗ ದಾವಣಗೆರೆಯಲ್ಲೇ ಒಂದು ಖಾಸಗಿ ಬ್ಯಾಂಕಿನ ಶಾಖೆಯಲ್ಲಿ ಗ್ರಾಹಕರ ಡೆಸ್ಕ್ ನನ್ನದು. ಅಂಗಡಿಯಲ್ಲಿ ಹನ್ನೊಂದು ಸಾವಿರದ ಹತ್ತಿರ ಬರುತ್ತಿತ್ತು, ಈಗ ಅದರ ಡಬಲ್.

ಸಂದರ್ಭ, ನಿಮ್ಮ ಹೊಣೆ, ನೀವು ಮಾಡಿದ್ದು, ಕೊನೆಗೆ ಆದದ್ದು ಅಂತ ಅನುಭವವನ್ನು ನಾಲ್ಕು ಭಾಗ ಮಾಡಿ ಹೇಳುವ ಸ್ಟಾರ್ ಮೆಥಡ್ ಎಲ್ಲ ನಿಮಗೆ ಗೊತ್ತಿರುತ್ತದೆ, ಅದನ್ನು ಮತ್ತೆ ಹೇಳುವುದಿಲ್ಲ. ಅದನ್ನು ತಿಳಿದುಕೊಂಡೂ ಹೇಗೆ ಸೋಲುತ್ತೇವೆ ಅನ್ನೋದು ಮುಖ್ಯ.

ಮೊದಲು ಕೋಚಿಂಗ್‌ಗೆ ಸೇರಿದ್ದೆ. ಫೀಸು ಸುಮಾರು ಹದಿನೈದು ಸಾವಿರ, ಕಂತಿನಲ್ಲಿ ಕಟ್ಟಿದೆ. ಅಲ್ಲಿ ಎಲ್ಲರಿಗೂ ಒಂದೇ ಉತ್ತರ ಬಾಯಿಪಾಠ ಮಾಡಿಸಿದರು. ನಾನು ಟೀಮ್ ಪ್ಲೇಯರ್, ಬೇಗ ಕಲಿಯುತ್ತೇನೆ, ಒತ್ತಡದಲ್ಲೂ ಕೆಲಸ ಮಾಡುತ್ತೇನೆ. ಕಾಲೇಜ್ ಫೆಸ್ಟ್ ನಡೆಸಿದೆ ಅಂತ ಒಂದು ಕಥೆಯನ್ನೂ ಕೊಟ್ಟರು. ಮೊದಲ ಪ್ರಶ್ನೆಗೆ ಅದು ಚೆನ್ನಾಗಿಯೇ ನಡೆಯುತ್ತದೆ. ಎರಡನೆಯದಕ್ಕೂ ಹೇಗೋ ದಾಟಬಹುದು. ಮೂರನೆಯದು "ಆಗ ಅವರು ಏನಂದರು? ನೀವು ತಿರುಗಿ ಏನಂದಿರಿ?" ಅಂತ ಬರುತ್ತದೆ, ನಡೆಯದೇ ಇರುವ ಘಟನೆಗೆ ಅದಕ್ಕೆ ಉತ್ತರ ಎಲ್ಲಿಂದ ತರೋದು? ಬೆಂಗಳೂರಿನಲ್ಲಿ ಎರಡು ಕಡೆ, ಹುಬ್ಬಳ್ಳಿಯಲ್ಲಿ ಒಂದು ಕಡೆ ಇದೇ ಉತ್ತರ ಹೇಳಿಸಿಕೊಂಡು ಕಳಿಸಿದರು. ಬ್ಲೇಜರ್‌ಗೆ ಮೂರು ಸಾವಿರ ಬೇರೆ ಹೋಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಿದ್ದರಿಂದ ಕೆಂಪು ಬಸ್ಸಿನ ಚಾರ್ಜು ಉಳಿಯಿತು, ಇಲ್ಲದಿದ್ದರೆ ಅಷ್ಟು ಓಡಾಡಲು ನನ್ನ ಕೈಲಿ ಆಗುತ್ತಿರಲಿಲ್ಲ. ಆದರೆ ರಜೆ ಹಾಕಿದ ದಿನದ ಸಂಬಳವನ್ನು ಅಂಗಡಿಯವರು ಹಿಡಿಯುತ್ತಿದ್ದರು.

ಆಮೇಲೆ ಒಂದು ನೂರು ಪೇಜಿನ ನೋಟ್‌ಬುಕ್ ತಂದೆ. ರಾತ್ರಿ ಅಂಗಡಿ ಮುಚ್ಚಿ ಬಂದಮೇಲೆ ಅವತ್ತು ನಡೆದ ಒಂದು ಘಟನೆ ಬರೆಯುತ್ತಿದ್ದೆ. ಯಾರಿಗೆ ಏನು ತೊಂದರೆ ಇತ್ತು, ನನ್ನ ಕಣ್ಣಿಗೆ ಏನು ಬಿತ್ತು, ಬಾಯಲ್ಲಿ ಏನು ಬಂತು, ಕೊನೆಗೆ ಏನಾಯಿತು, ಬಿಲ್ ಎಷ್ಟು. ತಾಳ್ಮೆ, ಸಂವಹನ, ನಾಯಕತ್ವ ಅಂತೆಲ್ಲ ಬರೆಯಲೇ ಇಲ್ಲ. ಗುಣದ ಹೆಸರನ್ನು ಎದುರಿಗೆ ಕೂತವರು ತಾವೇ ಇಟ್ಟುಕೊಳ್ಳಲಿ.

ದಾವಣಗೆರೆಗೆ ಮದುವೆ ಜವಳಿ ತೆಗೆಯಲು ಎಲ್ಲೆಲ್ಲಿಂದಲೋ ಬರುತ್ತಾರೆ ಅಲ್ವಾ, ಒಂದೊಂದು ಮನೆಯವರು ಹತ್ತು ಹನ್ನೆರಡು ಜನ. ಒಂದು ದಿನ ಚಿತ್ರದುರ್ಗದ ಕಡೆಯಿಂದ ಬೀಗರು ಇಬ್ಬರೂ ಸೇರಿ ಬಂದಿದ್ದರು. ಗಂಡಿನ ತಾಯಿ ಧಾರೆ ಸೀರೆ ಇಪ್ಪತ್ತೈದು ಸಾವಿರದ ರೇಷ್ಮೆಯೇ ಆಗಬೇಕು ಅಂತ ಕೂತಿದ್ದರು. ಹೆಣ್ಣಿನ ತಂದೆ ಬೆಲೆಚೀಟಿಯನ್ನು ಎರಡು ಸಲ ತಿರುಗಿಸಿ ನೋಡಿದರು. ಅಲ್ಲಿಯವರೆಗೆ ಎಲ್ಲರ ಜೊತೆ ನಗುನಗುತ್ತಾ ಮಾತಾಡುತ್ತಿದ್ದವರು ಆಮೇಲೆ ಸುಮ್ಮನಾದರು. ನಾನು ಅಂಗಡಿ ಹುಡುಗನನ್ನು ಕರೆದು ಎಲ್ಲರಿಗೂ ಟೀ ತರಿಸಿದೆ. ಟೀ ಕುಡಿಯುವಷ್ಟರಲ್ಲಿ ಹಾಸಿದ್ದ ಸೀರೆಗಳನ್ನು ತೆಗೆದು, ಅದೇ ಬಣ್ಣದಲ್ಲಿ ಜರಿ ಸ್ವಲ್ಪ ಕಡಿಮೆ ಇರುವ, ಹದಿನಾರು ಹದಿನೇಳು ಸಾವಿರದ ಮೂರು ಸೀರೆ ಹಾಸಿದೆ. ಬೆಲೆಯ ಮಾತೇ ಎತ್ತಲಿಲ್ಲ. ಮದುಮಗಳಿಗೆ, "ಮದುವೆ ಆದಮೇಲೂ ಯಾವುದನ್ನು ಉಡ್ತೀಯಮ್ಮಾ?" ಅಂತ ಕೇಳಿದೆ. ಅವಳು ಒಂದನ್ನು ಮುಟ್ಟಿದಳು. ಅತ್ತೆಯೂ ಒಪ್ಪಿದರು, ಯಾಕೆಂದರೆ ಈಗ ಅದು ಸೊಸೆಯ ಆಯ್ಕೆ, ಬೀಗರ ಜಿಪುಣತನ ಅಲ್ಲ. ಒಟ್ಟು ಜವಳಿ ಬಿಲ್ ಒಂದು ಲಕ್ಷದ ಮೇಲೆ ಹೋಯಿತು.

ಇದನ್ನು ಬ್ಯಾಂಕಿನ ಮ್ಯಾನೇಜರ್ ಮುಂದೆ ಹೇಳಿದಾಗ ಅವರು ಪೆನ್ನು ಕೆಳಗಿಟ್ಟು, "ಅವರಿಗೆ ಬೆಲೆ ಭಾರ ಆಯ್ತು ಅಂತ ನಿಮಗೆ ಹೇಗೆ ಗೊತ್ತಾಯ್ತು?" ಅಂದರು. ಬೆಲೆಚೀಟಿ, ಇದ್ದಕ್ಕಿದ್ದಂತೆ ನಿಂತ ಮಾತು, ಎರಡನ್ನೂ ಹೇಳಿದೆ. ಆಮೇಲೆ ಇನ್ನೂ ನಾಲ್ಕೈದು ಪ್ರಶ್ನೆ ಅದರ ಮೇಲೇ ಬಂದವು. ಅಂಗಡಿ ಮಾಲೀಕರು ಕಡಿಮೆ ಬೆಲೆಯದು ತೋರಿಸಿದ್ದಕ್ಕೆ ಬೈಯಲಿಲ್ಲವಾ? ಟೀ ಯಾಕೆ? ನಿಜವಾಗಿ ನಡೆದ ಘಟನೆ ಆದ್ದರಿಂದ ಎಲ್ಲಿಂದ ಕೇಳಿದರೂ ಉತ್ತರ ಇತ್ತು. ಲೋನ್ ಕಂತು ಭಾರ ಆದ ಗ್ರಾಹಕ ಎದುರು ಕೂತಾಗ ಬೇಕಾಗಿರುವುದೂ ಇದೇ ಕಣ್ಣು ಅಂತ ಅವರೇ ಪಕ್ಕದವರಿಗೆ ಹೇಳಿದರು. ನಾನು ಹೇಳಲು ಇಟ್ಟುಕೊಂಡಿದ್ದ ಮಾತು ಅವರ ಬಾಯಿಂದಲೇ ಬಂತು!

ಗೆದ್ದ ಘಟನೆಗಳನ್ನೇ ಇಟ್ಟುಕೊಂಡು ಹೋದರೆ ಸಾಲದು. ಎರಡು ಗಂಟೆ ಸೀರೆ ತೋರಿಸಿಯೂ ಏನೂ ತೆಗೆಯದೆ ಎದ್ದು ಹೋದವರ ಘಟನೆಯೂ ನನ್ನ ನೋಟ್‌ಬುಕ್‌ನಲ್ಲಿತ್ತು. ಅವರು ಬಾಗಿಲು ದಾಟುವಾಗಲೂ ಮುಖ ಗಂಟಿಕ್ಕದೆ ಯಾವ ಮಾತು ಹೇಳಿ ಕಳಿಸಿದೆ ಅನ್ನೋದನ್ನು ಹೇಳಿದೆ. ಅದಕ್ಕೂ ಒಳ್ಳೆ ಅಂಕ ಸಿಕ್ಕಿರಬೇಕು.

ಇನ್ನೊಂದು, ನಮ್ಮ ಕಡೆ "ಎಲ್ಲಾ ಸೇರಿ ಮಾಡಿದ್ವಿ" ಅನ್ನೋದು ಮರ್ಯಾದೆ. ಇಂಟರ್‌ವ್ಯೂನಲ್ಲಿ ಅಷ್ಟಕ್ಕೇ ನಿಲ್ಲಿಸಿದರೆ ನೀವು ಮಾಡಿದ್ದೇನು ಅಂತ ಅವರಿಗೆ ತಿಳಿಯೋದೇ ಇಲ್ಲ. ಜೊತೆಯವರು ಮಾಡಿದ್ದನ್ನು ಒಂದು ವಾಕ್ಯದಲ್ಲಿ ಹೇಳಿ, ನಿಮ್ಮ ಪಾಲನ್ನು ಬಿಡಿಸಿ ಹೇಳಿ.

ನಡುವೆ ಸುಮ್ನೆ ಕೆಲವು ಪ್ರಯೋಗ ಮಾಡಿದೆ. ಫೋನ್‌ನಲ್ಲಿ ನನ್ನ ಉತ್ತರ ರೆಕಾರ್ಡ್ ಮಾಡಿದರೆ ನಾಲ್ಕು ನಿಮಿಷ ಬಂತು. ಸೀರೆಯ ವರ್ಣನೆ ಎಲ್ಲ ಕಿತ್ತು ಹಾಕಿ ಒಂದೂವರೆಗೆ ಇಳಿಸಿದೆ. ಬ್ಲೇಜರ್ ಬಿಟ್ಟು ಇಸ್ತ್ರಿ ಮಾಡಿದ ಕಾಟನ್ ಸೀರೆಯಲ್ಲಿ ಹೋದೆ, ಏನೂ ವ್ಯತ್ಯಾಸ ಆಗಲಿಲ್ಲ, ಹಾಗಾಗಿ ಆ ಮೂರು ಸಾವಿರ ನೀವು ಉಳಿಸಿಕೊಳ್ಳಿ. ಭಾಷೆಯ ಪ್ರಯೋಗ ಮಾತ್ರ ಬಹಳ ಉಪಯೋಗಕ್ಕೆ ಬಂತು. "ಇದು ಕನ್ನಡದಲ್ಲಿ ನಡೆದ ಮಾತು, ಗ್ರಾಹಕರ ಮಾತನ್ನು ಕನ್ನಡದಲ್ಲೇ ಹೇಳಲಾ?" ಅಂತ ಮೊದಲೇ ಇಂಗ್ಲಿಷ್‌ನಲ್ಲಿ ಕೇಳುತ್ತಿದ್ದೆ. ಚಿತ್ರದುರ್ಗದ ಒಂದು ಫೈನಾನ್ಸ್ ಕಂಪನಿಯವರು ಖುಷಿಯಿಂದ ಒಪ್ಪಿದರು, ಆ ಕೆಲಸವೂ ನನಗೆ ಬಂದಿತ್ತು, ದಿನಾ ಅರವತ್ತು ಕಿಲೋಮೀಟರ್ ಹೋಗಿ ಬರೋದು ಬೇಡ ಅಂತ ಬಿಟ್ಟೆ. ಬೆಂಗಳೂರಿನ ಒಬ್ಬರು ಬೇಡ ಅಂದರು. ಬೇಡ ಅಂದರೂ ನಷ್ಟ ಇಲ್ಲ, ಕೇಳಿ ಮಾತಾಡುವ ಅಭ್ಯಾಸ ಇದೆ ಅಂತ ಅವರಿಗೆ ಕಾಣುತ್ತದೆ.

ಗ್ರೂಪ್ ಡಿಸ್ಕಶನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಲ್ಲರೂ ಒಟ್ಟಿಗೆ ಕೂಗುತ್ತಿದ್ದಾಗ, ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದ ಒಬ್ಬ ಹುಡುಗಿಗೆ ಜಾಗ ಮಾಡಿಕೊಟ್ಟೆ. ಆ ಸುತ್ತಿನಿಂದ ಮುಂದೆ ಹೋದವರು ನಾನು ಮತ್ತು ಅವಳು.

ಎರಡು ವಿಷಯ ಇಲ್ಲಿ ಬರೆಯುವುದಿಲ್ಲ. ಒಳಗೆ ಹೋದ ತಕ್ಷಣ ಯಾವ ಘಟನೆ ಮೊದಲು ಹೇಳಬೇಕು ಅಂತ ಹೇಗೆ ಆರಿಸುತ್ತೇನೆ ಅನ್ನೋದು ಒಂದು. ಕೊನೆಗೆ "ನಿಮ್ಮದೇನಾದರೂ ಪ್ರಶ್ನೆ ಇದೆಯಾ" ಅಂದಾಗ ನಾನು ಕೇಳುವ ಪ್ರಶ್ನೆ ಇನ್ನೊಂದು. ನನ್ನ ತಂಗಿ ಇನ್ನೂ ಇಂಟರ್‌ವ್ಯೂಗೆ ಹೋಗುತ್ತಿದ್ದಾಳೆ, ಅವಳ ಕೆಲಸ ಆಗಲಿ.

ಈಗ ನಮ್ಮ ಓಣಿಯ ಹುಡುಗನೊಬ್ಬ ನೋಟ್‌ಬುಕ್ ಶುರು ಮಾಡಿದ್ದಾನೆ. ಬಿಕಾಂ ಮುಗಿಸಿ ಎಪಿಎಂಸಿಯ ಒಂದು ದಲಾಲಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಮೆಕ್ಕೆಜೋಳದ ಸೀಸನ್‌ನಲ್ಲಿ ತೂಕದ ವಿಷಯಕ್ಕೆ ರೈತರಿಗೂ ಹಮಾಲರಿಗೂ ಜಗಳ ಹತ್ತಿದಾಗ, ರೈತರ ಎದುರೇ ಎರಡು ಚೀಲ ಮತ್ತೆ ತೂಗಿಸಿ ಬಿಡಿಸಿದ್ದಾನೆ. ಅಷ್ಟು ಒಳ್ಳೆ ಘಟನೆ ಇಟ್ಟುಕೊಂಡು "ಅದೇನ್ ಹೇಳೋದು ಬಿಡಕ್ಕಾ" ಅನ್ನುತ್ತಿದ್ದ. ಈಗ ಎರಡು ನಿಮಿಷಕ್ಕೆ ತಂದಿದ್ದೇವೆ. ಹಮಾಲರ ಮೇಸ್ತ್ರಿಗೆ ಏನು ಹೇಳಿ ಒಪ್ಪಿಸಿದೆ ಅನ್ನೋ ಜಾಗದಲ್ಲಿ ಇನ್ನೂ ನುಂಗುತ್ತಾನೆ, ಭಾನುವಾರ ಅದನ್ನೇ ಹಿಡಿದು ಕೂರುತ್ತೇವೆ.