ವಚನದ ಭಾಷೆ ಬಗ್ಗೆ ಬರೆಯೋದು ಹೇಗೆ? ಒಂದು ಪದ ಬದಲಾಯಿಸಿ ನೋಡಿ

"ರೂಪಕ ಅಲಂಕಾರ ಇದೆ, ಪ್ರಾಸ ಇದೆ" ಅಂತ ಬರೆದು ಮುಂದಿನ ಪ್ರಶ್ನೆಗೆ ಹೋಗ್ಬಿಡ್ತಾರೆ ತುಂಬಾ ಜನ. ಮಾರ್ಕ್ಸ್ ಹೋಗೋದು ಇರ್ಲಿ, ಅಷ್ಟು ಒಳ್ಳೇ ವಚನ ಕೈಗೆ ಸಿಕ್ಕೂ ಸಿಗದ ಹಾಗೆ ಆಗುತ್ತಲ್ಲ, ನನಗೆ ಅದೇ ಸಂಕಟ.

12ನೇ ಶತಮಾನದ ಬಸವಣ್ಣನವರದ್ದು ನಮಗೆಲ್ಲ ಬಾಯಿಪಾಠ ಇದ್ಯಲ್ಲ, "ಉಳ್ಳವರು ಶಿವಾಲಯ ಮಾಡುವರು, ನಾನೇನು ಮಾಡಲಿ ಬಡವನಯ್ಯಾ, ಎನ್ನ ಕಾಲೇ ಕಂಭ, ದೇಹವೇ ದೇಗುಲ, ಶಿರವೇ ಹೊನ್ನ ಕಳಶವಯ್ಯಾ", ಅದನ್ನೇ ತಗೊಳ್ಳಿ. ಮೊದಲು ಎರಡು ಸಲ ಜೋರಾಗಿ ಓದಿ, ಕಣ್ಣಿಗೆ ಕಾಣದ್ದು ಕಿವಿಗೆ ಬೀಳುತ್ತೆ. ಆಮೇಲೆ ಒಂದೇ ಒಂದು ಪದ ಬದಲಾಯಿಸಿ.

"ಎನ್ನ ಕಾಲೇ ಕಂಭ" ಇರೋ ಕಡೆ "ನನ್ನ ಕಾಲು ಕಂಬದ ಹಾಗೆ" ಅಂತ ಹಾಕಿ ನೋಡಿ. ಸಪ್ಪೆ ಆಯ್ತಲ್ವಾ? "ಹಾಗೆ" ಅಂದ ತಕ್ಷಣ ಕಾಲು ಬೇರೆ ಕಂಬ ಬೇರೆ ಆಗೋಯ್ತು, ನಿಜವಾದ ಗುಡಿ ಇನ್ನೆಲ್ಲೋ ಇದೆ ಇದು ಬರೀ ಹೋಲಿಕೆ ಅಂತಾಯ್ತು. ಆ ಚಿಕ್ಕ "ಏ" ಇದ್ಯಲ್ಲ, ಕಾಲೇ, ದೇಹವೇ, ಶಿರವೇ, ಮೂರು ಸಲ ಒತ್ತಿ ಹೇಳುತ್ತೆ, ಇದೇ ಗುಡಿ, ಬೇರೆ ಬೇಕಿಲ್ಲ ಅಂತ. ನೀವು ಬರೀಬೇಕಾಗಿರೋದು ಇದನ್ನೇ, ರೂಪಕ ಅನ್ನೋ ಹೆಸರು ಆಮೇಲೆ ಸೇರಿಸಿದ್ರೂ ನಡೆಯುತ್ತೆ.

ಕ್ರಿಯಾಪದ ಎಲ್ಲೆಲ್ಲಿದೆ ಅಂತಾನೂ ಹುಡುಕಿ. ಉಳ್ಳವರು "ಮಾಡುವರು", ಬಡವ "ಏನು ಮಾಡಲಿ" ಅಂತಾನೆ, ಅದೇ ಪದ ಅವರ ಬಗ್ಗೆ ಬಂದಾಗ ಗತ್ತು, ಇವನ ಬಗ್ಗೆ ಬಂದಾಗ ಕೈಕಟ್ಟಿದ ಸ್ಥಿತಿ. ಮುಂದೆ ಕಾಲು, ದೇಹ, ಶಿರ ಅಂತ ಬರೋವಾಗ ಕ್ರಿಯಾಪದಾನೇ ಇಲ್ಲ! ಮಾಡೋಕೇನೂ ಉಳಿದಿಲ್ಲ, ಗುಡಿ ಆಗಲೇ ಇದೆ.

ಪ್ರಾಸದ ಬಗ್ಗೆ, ಅಂದ್ರೆ ಇಲ್ಲಿರೋ ಅನುಪ್ರಾಸದ ಬಗ್ಗೆ, ಒಂದು ಮಾತು ಸಾಕು, ಕಾಲೇ-ಕಂಭ, ದೇಹ-ದೇಗುಲ ಅಂತ ಶುರುವಿನ ಅಕ್ಷರ ಕೂಡಿ ಎರಡನ್ನೂ ಕಿವಿಯಲ್ಲೇ ಅಂಟಿಸಿಬಿಡುತ್ತೆ.

ಕ್ರಮ ಮಾತ್ರ ಬಿಡಬೇಡಿ. ಕಾಲು, ದೇಹ, ಶಿರ, ಅಂದ್ರೆ ಕೆಳಗಿಂದ ಕಳಸದವರೆಗೆ, ಗುಡಿ ಕಟ್ಟೋ ಹಾಗೇನೇ ವಾಕ್ಯಾನೂ ಮೇಲೇರುತ್ತೆ.

ಕೊನೇಗೆ "ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ". ಸ್ಥಾವರ ಅಂದ್ರೆ ನಿಂತಿದ್ದು, ಜಂಗಮ ಅಂದ್ರೆ ಚಲಿಸೋದು, ಊರೂರು ತಿರುಗೋ ಶಿವಶರಣನೂ ಹೌದು. ಇದನ್ನ ಓದಿದ್ಮೇಲೆ ವಾಪಸ್ ಮೊದಲ ಕಂಬಕ್ಕೆ ಹೋಗಿ, ಕಲ್ಲಿನ ಕಂಬ ನಿಂತಲ್ಲೇ ನಿಲ್ಲುತ್ತೆ, ಈ ಕಂಬ ಕಾಲು, ನಡೆಯುತ್ತೆ.