ಮೆಂತ್ಯದ ಲೋಳೆ, ಪಿತ್ತದ ಲವಣ ಮತ್ತು ಹೂ ಕಟ್ಟೋ ದಾರ

"ಲೋಳೆ ಪಿತ್ತ ಹಿಡಿಯಲ್ಲಪ್ಪ, ಸುಮ್ನೆ ದಪ್ಪ ಆಗುತ್ತೆ ಅಷ್ಟೇ" ಅಂದಿದ್ದರು ನಮ್ಮ ವಿಭಾಗದ ಹಿರಿಯ ಮೇಡಂ, ಮೆಂತ್ಯದ ಲೋಳೆ ಕರುಳಿನ ಪಿತ್ತವನ್ನು ಹಿಡಿದಿಡುತ್ತಾ ಅಂತ ಲ್ಯಾಬ್‌ನಲ್ಲಿ ನೋಡ್ತೀನಿ ಅಂದಾಗ. ಒಂದೂವರೆ ವರ್ಷ ಆಯ್ತು. ಈಗ ಅದೇ ಮೇಡಂ ನನ್ನ ಗ್ರಾಫ್ ಕೇಳಿ ತಗೊಂಡು ಹೋಗಿದ್ದಾರೆ, ಹಾಗಾಗಿ ಬರೆಯುತ್ತಿದ್ದೇನೆ.

ಪಿತ್ತ ಕರುಳಿನಲ್ಲೇ ಸಿಕ್ಕಿಕೊಂಡು ಹೊರಗೆ ಹೋದರೆ ಲಿವರ್ ರಕ್ತದ ಕೊಲೆಸ್ಟ್ರಾಲ್ ಎಳೆದುಕೊಂಡು ಹೊಸ ಪಿತ್ತ ಮಾಡುತ್ತೆ. ಹಾಗೆ ರಕ್ತದ ಕೊಲೆಸ್ಟ್ರಾಲ್ ಇಳಿಯುತ್ತೆ.

ಮೊದಲ ಆರು ತಿಂಗಳು ದಂಡ. ಪಿತ್ತದ ಒಂದು ಲವಣವಾದ ಶುದ್ಧ ಟಾರೋಕೊಲೇಟ್ ಬೆಲೆ ನೋಡಿ ಎದೆ ಹೊಡೆದುಕೊಂಡಿತು, ಮೈಕ್ರೋಬಯಾಲಜಿಯವರು ಬ್ಯಾಕ್ಟೀರಿಯಾ ಬೆಳೆಸೋ ಮ್ಯಾಕಾಂಕಿ ಅಗರ್‌ಗೆ ಹಾಕೋ ಬೈಲ್ ಸಾಲ್ಟ್ (ಪಿತ್ತದ ಲವಣ) ಬಾಟಲಿ ಬೇಡಿ ತಂದೆ. ಅದಕ್ಕೆ ಮೆಂತ್ಯದ ಹಿಟ್ಟು ಕಲಸಿ, ಸೆಂಟ್ರಿಫ್ಯೂಜ್‌ನಲ್ಲಿ ಜೋರಾಗಿ ತಿರುಗಿಸಿ ತಳಕ್ಕೆ ಕೂರಿಸಿ, ಮೇಲಿನ ನೀರಲ್ಲಿ ಎಷ್ಟು ಪಿತ್ತ ಉಳಿದಿದೆ ಅಂತ ಗಂಧಕಾಮ್ಲ ಹಾಕಿ ಬಣ್ಣ ಓದಿದರೆ, ಹಾಕಿದ್ದಕ್ಕಿಂತ ಜಾಸ್ತಿ ಪಿತ್ತ ತೋರಿಸಿತು! ಮೂರು ವಾರ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಆಮ್ಲ ಮೆಂತ್ಯದ ಸಕ್ಕರೆಯನ್ನೂ ಸುಟ್ಟು ಕಂದು ಮಾಡುತ್ತೆ ಅಲ್ವಾ. ಆ ಕಂದನ್ನು ಕಳೆಯೋಕೆ ಪಿತ್ತ ಹಾಕದ ಮಾದರಿ, ಅಂದರೆ ಬ್ಲ್ಯಾಂಕ್, ಇಟ್ಟಿರಲಿಲ್ಲ. ಪೆದ್ದತನ.

ಬ್ಲ್ಯಾಂಕ್ ಇಟ್ಟ ಮೇಲೂ ಲೋಳೆ ತಳಕ್ಕೆ ಕೂರಲಿಲ್ಲ. ಫಿಲ್ಟರ್ ಕಟ್ಟಿಕೊಂಡಿತು. ಆಗ ಡಯಾಲಿಸಿಸ್ ಟ್ಯೂಬ್‌ಗೆ ಬಂದೆ, ಪಿತ್ತವನ್ನು ಹೊರಗೆ ಬಿಟ್ಟು ಲೋಳೆಯನ್ನು ಒಳಗೇ ಇಡೋ ಸಣ್ಣ ರಂಧ್ರದ ಪೊರೆ, ಎರಡೂ ತುದಿ ಕಟ್ಟಿದರೆ ಚೀಲ. ಒಂದು ರೋಲ್‌ಗೆ ಆರು ಸಾವಿರದ ಹತ್ತಿರ ಆಯ್ತು, ಅದೂ ನನ್ನ ಜೇಬಿನಿಂದ. ಚೀಲ ನೀರು ಹೀರಿ ಉಬ್ಬಿ ಗಂಟು ಜಾರಿ, ನಾಲ್ಕು ಚೀಲ ರಾತ್ರೋರಾತ್ರಿ ಹೋದವು. ಕೊನೆಗೆ ಕಾಲು ಭಾಗ ಖಾಲಿ ಬಿಟ್ಟು, ಮಡಚಿ, ಹೂ ಕಟ್ಟೋ ದಾರದಲ್ಲಿ ಎರಡು ಸುತ್ತು ಬಿಗಿದೆ. ಆಮೇಲೆ ಒಂದೂ ಸೋರಿಲ್ಲ. ಲೋಳೆ ಗಂಟು ಕಟ್ಟದಂತೆ ಕಲಸೋ ಉಪಾಯ ಮಾತ್ರ ಈಗ ಹೇಳಲ್ಲ, ಪೇಪರ್ ಇನ್ನೂ ಕಳಿಸಬೇಕು.

ಮೇಡಂಗೆ ಉತ್ತರ ಸಿಕ್ಕಿದ್ದು ಗಡಿಯಾರದಲ್ಲಿ. ಬರೀ ದಪ್ಪದ ಆಟವಾಗಿದ್ದರೆ ಪಿತ್ತ ಚೀಲದಿಂದ ಹೊರಬರೋದು ತಡ ಆಗುತ್ತೆ, ಆದರೆ 24 ಗಂಟೆಗೆ ಖಾಲಿ ಚೀಲದ ಲೆಕ್ಕಕ್ಕೇ ಬಂದು ನಿಲ್ಲಬೇಕು. ಎರಡನೇ ಗಂಟೆಯಲ್ಲಿ ನನ್ನ ಮೆಂತ್ಯ ಸುಮಾರು ಅರ್ಧದಷ್ಟು ತಡೆದಿತ್ತು. ಮರುದಿನವೂ 100ಕ್ಕೆ 12ರಷ್ಟು ಒಳಗೇ ಕೂತಿತ್ತು. ಹೋಲಿಕೆಗೆ ಸೆಲ್ಯುಲೋಸ್ (ಲೋಳೆ ಆಗದ ನಾರು) ಹಾಕಿದ ಚೀಲದಲ್ಲಿ ಹಾಗೆ ಏನೂ ಉಳಿದಿರಲಿಲ್ಲ. ಪಿತ್ತ ಹಿಡಿಯೋ ಔಷಧಿ ಕೊಲೆಸ್ಟಿರಮೈನ್ ಮುಂದೆ ಇದು ಮಗು, ಅದು 80 ದಾಟಿತ್ತು. ಹೋಲಿಸಬಾರದು, ಅದಕ್ಕೆ ಪಿತ್ತವನ್ನು ಸೆಳೆಯೋ ವಿದ್ಯುದಂಶ ಇದೆ, ಮೆಂತ್ಯದ ಲೋಳೆಯ ನಾರು ಗ್ಯಾಲಕ್ಟೋಮ್ಯಾನನ್‌ಗೆ ಇಲ್ಲ.

ಹಾಗಾದರೆ ಆ 12 ಎಲ್ಲಿಂದ ಬಂತು? ಹಿಟ್ಟನ್ನು ಆಲ್ಕೋಹಾಲ್‌ನಲ್ಲಿ ತೊಳೆದು ಸ್ಯಾಪೊನಿನ್ (ಮೆಂತ್ಯದಲ್ಲಿರೋ ಸೋಪಿನಂಥ ನೊರೆ ಬರಿಸೋ ವಸ್ತು) ತೆಗೆದು ಮತ್ತೆ ಮಾಡಿದೆ. 12 ಹೋಗಿ 5ಕ್ಕೆ ಇಳಿಯಿತು! ಅಂದರೆ ಹಿಡಿದದ್ದರಲ್ಲಿ ದೊಡ್ಡ ಪಾಲು ಲೋಳೆಯದ್ದಲ್ಲ. ಮೇಡಂ ಅರ್ಧ ಗೆದ್ದರು ಅನ್ನಿ. ಆದರೆ ತಡೆಯೋ ಕೆಲಸ ತೊಳೆದ ಮೇಲೂ ಹಾಗೇ ಇತ್ತು, ಕರುಳಿನಲ್ಲಿ ಪಿತ್ತಕ್ಕೆ 24 ಗಂಟೆ ಯಾರು ಕೊಡ್ತಾರೆ?

ನಡುವೆ ಮಟನ್ ಅಂಗಡಿಯಿಂದ ಮೇಕೆಯ ಪಿತ್ತಕೋಶ ತಂದು ಖರ್ಚು ಉಳಿಸಲು ನೋಡಿದ್ದೆ. ಅದರ ಹಸಿರು ಬಣ್ಣವೇ ರೀಡಿಂಗ್ ಹಾಳು ಮಾಡಿತು, ಲ್ಯಾಬ್ ಫ್ರಿಜ್ ಎರಡು ದಿನ ನಾತ. ಬೆಂಡೆಕಾಯಿ ಲೋಳೆ ಚೆನ್ನಾಗಿತ್ತು, ಆದರೆ ಪ್ರತಿ ಸಲ ಬೇರೆ ಬೇರೆ ಅಂಕಿ, ಎಳೆಯದಕ್ಕೂ ಬಲಿತದ್ದಕ್ಕೂ ಅಜಗಜಾಂತರ.

ಓಟ್ಸ್‌ನ ಕರಗೋ ನಾರು ಬೀಟಾ-ಗ್ಲೂಕನ್ ದಿನಕ್ಕೆ 3 ಗ್ರಾಂ ತಿಂದರೆ ಹೃದ್ರೋಗದ ಅಪಾಯ ಇಳಿಯಬಹುದು ಅಂತ ಅಮೆರಿಕದ ಆಹಾರ-ಔಷಧ ನಿಯಂತ್ರಕ ಎಫ್‌ಡಿಎ 1997ರಲ್ಲೇ ಒಪ್ಪಿದೆ, ಆ ನಾರು ಬಾರ್ಲಿಯಲ್ಲೂ ಇದೆ. ನಿನ್ನೆ ರಾತ್ರಿ ಬಾರ್ಲಿ ನೆನೆಹಾಕಿದ್ದೇನೆ. ಟ್ಯೂಬ್ ಒಂದೂವರೆ ಅಡಿ ಉಳಿದಿದೆ.