ಮಳೆ ಬಿಟ್ಟ ಮೇಲೆ ಕೋಳಿಗೂಡು: ಈ ಶನಿವಾರ, ಭಾನುವಾರ, ಮತ್ತೆ ಮುಂದಿನ ಶನಿವಾರ

ದೀಪಾವಳಿಗೆ ಮನೆ ಗುಡಿಸಿ ಸುಣ್ಣ ಬಳಿಯುವಾಗ ಹಿತ್ತಿಲ ಕೋಳಿಗೂಡಿಗೂ ಒಂದು ಕೈ ಬಳಿದುಬಿಡುವುದು ನಮ್ಮ ಕಡೆಯ ರೂಢಿ. ಒಳ್ಳೆಯ ರೂಢಿಯೇ. ಆದರೆ ಹೆಚ್ಚಿನವರು ನೆಲ ಗುಡಿಸುತ್ತಾರೆ, ಗೋಡೆಗೆ ಬಳಿಯುತ್ತಾರೆ, ಸಂಜೆ ಕೋಳಿಗಳನ್ನು ಒಳಗೆ ಬಿಟ್ಟು ಬಾಗಿಲು ಹಾಕುತ್ತಾರೆ. ಕೋಳಿ ರಾತ್ರಿಯಿಡೀ ಕೂರುವ ಕೋಲಿನ ಅಡಿಭಾಗವನ್ನು ಮಾತ್ರ ಯಾರೂ ತಿರುಗಿಸಿ ನೋಡುವುದಿಲ್ಲ. ಆಮೇಲೆ ಜುಟ್ಟು ಬಿಳಿಚಿಕೊಂಡು, ಮೊಟ್ಟೆ ಕಡಿಮೆಯಾಗಿ, ಕಾವಿಗೆ ಕೂತ ಹೇಂಟೆ ಅರ್ಧಕ್ಕೇ ಎದ್ದು ಹೋದಾಗ ಯಾರದೋ ಕಣ್ಣು ಬಿತ್ತು ಅನ್ನುತ್ತಾರೆ. ಎಷ್ಟೋ ಸಲ ಅದು ಕಣ್ಣಲ್ಲ, ರಕ್ತ ಹೀರುವ ಕೆಂಪು ಕೂರೆ.

ಮೊದಲು ದಿನ ಆರಿಸಿ. ಅಕ್ಟೋಬರಿನಲ್ಲಿ ಚಿತ್ತಾ, ಸ್ವಾತಿ ಮಳೆಗಳು ಇನ್ನೂ ಬಾಕಿ ಇರುತ್ತವೆ, ಹಾಗಾಗಿ ಕ್ಯಾಲೆಂಡರ್ ನೋಡುವುದಕ್ಕಿಂತ ಆಕಾಶ ನೋಡಿ. ಎರಡು ದಿನ ಸೇರಿ ಬಿಸಿಲು ಸಿಗುವಂತಿರಬೇಕು. ಕೋಳಿಗಳಿಗೆ ಎರಡು ಮೂರು ರಾತ್ರಿ ಬೇರೆ ಜಾಗ ಬೇಕು, ಅದನ್ನು ಮೊದಲೇ ಮಾಡಿಟ್ಟುಕೊಳ್ಳಿ: ಕೊಟ್ಟಿಗೆಯ ಮೂಲೆಯೋ, ದೊಡ್ಡ ಬುಟ್ಟಿ, ಪಂಜರವೋ, ಯಾವುದಾದರೂ ಸರಿ.

ಶನಿವಾರ ಬೆಳಿಗ್ಗೆ ಹಳೆ ಹಾಸನ್ನೆಲ್ಲ ಹೊರಗೆ ಎಳೆಯಿರಿ. ಮೂಗಿಗೆ ಬಟ್ಟೆ ಕಟ್ಟಿ, ದೂಳು ಏಳದಂತೆ ಸ್ವಲ್ಪ ನೀರು ಚಿಮುಕಿಸಿ. ಈ ಗೊಬ್ಬರವನ್ನು ನೇರ ಗಿಡದ ಬುಡಕ್ಕೆ ಹಾಕಬೇಡಿ, ಬೇರು ಸುಡುತ್ತದೆ. ತರಗೆಲೆ ಜೊತೆ ಗುಡ್ಡೆ ಹಾಕಿ ಎರಡು ಮೂರು ತಿಂಗಳು ಕೊಳೆಯಲು ಬಿಡಿ. ಗುಡ್ಡೆ ಗೂಡಿನಿಂದ ದೂರ ಇರಲಿ.

ಈಗ ನಿಜವಾದ ಕೆಲಸ. ಕೆಂಪು ಕೂರೆ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಹಸಿದಾಗ ಬೂದು ಬಣ್ಣ, ರಕ್ತ ಕುಡಿದ ಮೇಲೆ ಕೆಂಪು. ತಲೆಹೇನಿನ ಹಾಗೆ ಮೈಮೇಲೇ ಉಳಿಯುವುದಿಲ್ಲ. ಹಗಲಿಡೀ ಮರದ ಸಂದಿನಲ್ಲಿ ಅಡಗಿದ್ದು ರಾತ್ರಿ ಬಂದು ಕುಡಿದು ವಾಪಸ್ ಹೋಗುತ್ತದೆ. ಅದಕ್ಕೇ ಹಗಲು ಹೊತ್ತು ಕೋಳಿಯನ್ನು ಹಿಡಿದು ಎಷ್ಟು ಹುಡುಕಿದರೂ ಏನೂ ಕಾಣುವುದಿಲ್ಲ. ಗೂಡು ಬಿಚ್ಚುವ ಹಿಂದಿನ ರಾತ್ರಿ ಟಾರ್ಚ್ ಹಿಡಿದು ಹೋಗಿ, ಕೋಲಿನ ಅಡಿಭಾಗಕ್ಕೆ ಬಿಳಿ ಬಟ್ಟೆ ಒತ್ತಿ ಉಜ್ಜಿ ನೋಡಿ. ಕೆಂಪು ಗೀರು ಮೂಡಿತು ಅಂದರೆ ಇದೆ ಅಂತ ಅರ್ಥ.

ಕೋಲುಗಳನ್ನು ಬಿಚ್ಚಿ. ಬಿಚ್ಚಲು ಬಾರದಂತೆ ಮೊಳೆ ಹೊಡೆದಿದ್ದರೆ ಮೊಳೆ ಕಿತ್ತು ತೆಗೆಯಿರಿ, ಯಾಕೆಂದರೆ ಕೋಲು ಗೋಡೆಗೆ ಸೇರುವ ಆ ಎರಡು ತುದಿಗಳೇ ಅವುಗಳ ಮುಖ್ಯ ಮನೆ. ಮೊಳೆ ತೂತು, ಹಲಗೆ ಜೋಡಣೆ, ಮೊಟ್ಟೆ ಇಡುವ ಪೆಟ್ಟಿಗೆಯ ಅಡಿ, ಬಾಗಿಲ ತಿರುಗಣಿಯ ಹಿಂದೆ, ಹೆಂಚಿನ ಕೆಳಗಿನ ರೀಪು, ಒಂದನ್ನೂ ಬಿಡಬೇಡಿ. ಸಂದಿನ ಸುತ್ತ ಉಪ್ಪು ಮೆಣಸಿನ ಪುಡಿ ಚೆಲ್ಲಿದಂತೆ ಬೂದು ಪುಡಿ ಕಂಡರೆ ಒಳಗೆ ಗುಂಪೇ ಇದೆ. ಹಳೆ ಚಾಕುವಿನಿಂದ ಹಿಕ್ಕೆ ಕೆರೆದು, ಸಂದುಗಳನ್ನು ಕಡ್ಡಿಯಿಂದ ಕೆದಕಿ, ಕುದಿಯುವ ನೀರಿಗೆ ಸೋಪು ಬೆರೆಸಿ ಸುರಿದು ಬ್ರಷ್ಷಿನಿಂದ ತಿಕ್ಕಿ. ಸಂಜೆವರೆಗೆ ಬಿಸಿಲಲ್ಲಿಡಿ. ಒಣಗಿದ ಮೇಲೆ ಲೀಟರ್ ನೀರಿಗೆ ಹತ್ತು ಎಂಎಲ್ ಬೇವಿನ ಎಣ್ಣೆ, ಜೊತೆಗೆ ಸ್ವಲ್ಪ ಸೋಪಿನ ನೀರು ಕಲಸಿ ಸಂದುಗಳೊಳಗೆ ಹೋಗುವಂತೆ ಸಿಂಪಡಿಸಿ. ಸೋಪು ಇಲ್ಲದಿದ್ದರೆ ಎಣ್ಣೆ ನೀರಿಗೆ ಬೆರೆಯದೆ ಸುಮ್ನೆ ಮೇಲೆ ತೇಲುತ್ತದೆ.

ಇಲ್ಲಿಗೆ ಮುಗಿಯಿತು ಅಂದುಕೊಂಡವರೇ ಸೋಲುವುದು. ಕೂರೆಯ ಮೊಟ್ಟೆಗಳು ಸಂದಿನಲ್ಲಿ ಉಳಿದಿರುತ್ತವೆ. ಬೆಚ್ಚಗಿನ ಹವೆಯಲ್ಲಿ ಒಂದು ವಾರದ ಸುಮಾರಿಗೆ ಮರಿ ಬೆಳೆದು ಮತ್ತೆ ಮೊಟ್ಟೆ ಇಡುವ ಹಂತಕ್ಕೆ ಬಂದಿರುತ್ತದೆ. ಆದ್ದರಿಂದ ಮುಂದಿನ ಶನಿವಾರ ಇದೇ ಸಿಂಪಡಣೆ ಇನ್ನೊಂದು ಸಲ, ಬಟ್ಟೆ ಒತ್ತಿದರೆ ಇನ್ನೂ ಕೆಂಪು ಬಂದರೆ ಅದರ ಮುಂದಿನ ಶನಿವಾರವೂ. ಗೂಡು ಖಾಲಿ ಬಿಟ್ಟರೆ ತಾನಾಗಿ ಸಾಯುತ್ತವೆ ಅನ್ನುವುದು ತಪ್ಪು, ರಕ್ತ ಇಲ್ಲದೆ ತಿಂಗಳುಗಟ್ಟಲೆ ಬದುಕುತ್ತವೆ.

ಅಡ್ಡದಾರಿಗಳ ಬಗ್ಗೆಯೂ ಹೇಳಬೇಕು. ಮೊಟ್ಟೆ ಪೆಟ್ಟಿಗೆಯಲ್ಲಿ ನುಸಿಗುಳಿಗೆ ಇಡುವವರಿದ್ದಾರೆ. ದಯವಿಟ್ಟು ಬೇಡ, ಅದು ವಿಷ, ಮೊಟ್ಟೆಗೂ ವಾಸನೆ ಹಿಡಿಯುತ್ತದೆ. ಹಳಬರು ಕೇಳುವ ಗ್ಯಾಮಾಕ್ಸಿನ್ ಪುಡಿ, ಅಂದರೆ ಬಿಎಚ್‌ಸಿ ಎನ್ನುವ ಕೀಟನಾಶಕ, 1997ರಲ್ಲೇ ನಿಷೇಧವಾಗಿದೆ. ಅದು ಕೋಳಿಯ ಕೊಬ್ಬಿನಲ್ಲಿ ಉಳಿದು ಮೊಟ್ಟೆಗೆ ಬರುತ್ತದೆ. ಗದ್ದೆಗೆ ತಂದು ಉಳಿದ ಕೀಟನಾಶಕ, ದನದ ಉಣ್ಣೆಗೆ ಕೊಟ್ಟ ಔಷಧ, ಇವನ್ನು ಅಂದಾಜಿನ ಮೇಲೆ ಕೋಳಿಗೆ ಬಳಸಬೇಡಿ. ಬೇವಿನಿಂದ ಹಿಡಿತಕ್ಕೆ ಬರದಿದ್ದರೆ ಪಶುವೈದ್ಯರನ್ನು ಕೇಳಿ ಅಳತೆ ಬರೆಸಿಕೊಳ್ಳಿ, ಎಷ್ಟು ದಿನ ಮೊಟ್ಟೆ ತಿನ್ನಬಾರದು ಅನ್ನುವುದನ್ನೂ ಕೇಳಿ. ಬ್ಲೀಚಿಂಗ್ ಪೌಡರನ್ನು ಹಿಕ್ಕೆ ಇರುವಾಗಲೇ ಎರಚಬಾರದು. ಹಿಕ್ಕೆಯ ಅಮೋನಿಯಾ ಸೇರಿ ಉಸಿರುಗಟ್ಟಿಸುವ ಗಾಳಿ ಏಳುತ್ತದೆ.

ಭಾನುವಾರ ಸುಣ್ಣ. ಡಿಸ್ಟೆಂಪರ್, ಎಮಲ್ಷನ್ ಯಾವುದೂ ಬೇಡ, ಕಲ್ಲುಸುಣ್ಣವೇ ಬೇಕು. ಹಿಂದಿನ ದಿನವೇ ನೀರಿಗೆ ಹಾಕಿ ತಣಿಸಿಡಿ (ಕುದಿದು ಸಿಡಿಯುತ್ತದೆ, ಮಕ್ಕಳನ್ನು ಹತ್ತಿರ ಬಿಡಬೇಡಿ), ಒಂದು ಹಿಡಿ ಉಪ್ಪು ಸೇರಿಸಿದರೆ ಗೋಡೆಗೆ ಚೆನ್ನಾಗಿ ಕಚ್ಚುತ್ತದೆ. ಬ್ರಷ್ಷನ್ನು ಸಂದಿಗೆ ಚುಚ್ಚಿ ಬಳಿಯಿರಿ. ಪೂರ್ತಿ ಒಣಗುವವರೆಗೆ ಕೋಳಿ ಒಳಗೆ ಬೇಡ, ಹಸಿ ಸುಣ್ಣ ಕಾಲು ಸುಡುತ್ತದೆ.

ಒಣಗಿದ ನೆಲಕ್ಕೆ ಭತ್ತದ ಹೊಟ್ಟು ಮೂರು ಇಂಚು. ಕಡಲೆಕಾಯಿ ಸಿಪ್ಪೆಯೂ ನಡೆಯುತ್ತದೆ. ಮುಷ್ಟಿಯಲ್ಲಿ ಹಿಸುಕಿದರೆ ಉಂಡೆಯಾಗುವ ಹೊಟ್ಟನ್ನು ತರಲೇಬೇಡಿ.

ಬಲೆ ಹರಿದಿದ್ದರೆ ಈಗಲೇ ಬದಲಿಸಿ. ಅಂಗಡಿಯವರು ಕೊಡುವ ತೆಳ್ಳನೆಯ ಆರು ಮೂಲೆಯ ಕೋಳಿಬಲೆ ಕೋಳಿಯನ್ನು ಒಳಗಿಡುತ್ತದೆ ಅಷ್ಟೇ, ಮುಂಗುಸಿ, ಕಾಡುಬೆಕ್ಕನ್ನು ಹೊರಗಿಡುವುದಿಲ್ಲ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸೆದ ಗಟ್ಟಿ ತಂತಿಬಲೆ) ದುಬಾರಿಯಾದರೂ ಅದನ್ನೇ ಹಾಕಿಸಿ.

ಗರಿ ಉದುರಿ ಬೋಳಾಗಿ ಕಾಣುವ ಕೋಳಿಗೆಲ್ಲ ರೋಗ ಅಂತ ಹೆದರಬೇಡಿ. ಈ ಕಾಲದಲ್ಲಿ ಹಗಲು ಕುಗ್ಗುತ್ತದೆ, ಬೆಂಗಳೂರಿನಲ್ಲಿ ಜೂನ್‌ನ ಸುಮಾರು 12 ಗಂಟೆ 50 ನಿಮಿಷದಿಂದ ಡಿಸೆಂಬರಿಗೆ 11 ಗಂಟೆ 20 ನಿಮಿಷಕ್ಕೆ ಇಳಿಯುತ್ತದೆ. ಕೋಳಿ ಹಳೆ ಗರಿ ಉದುರಿಸಿ ಹೊಸದು ಬೆಳೆಸುತ್ತದೆ, ಮೊಟ್ಟೆ ನಿಲ್ಲಿಸುತ್ತದೆ. ಗರಿ ಬಹುಪಾಲು ಪ್ರೋಟೀನೇ, ಹಾಗಾಗಿ ಬರೀ ಅಕ್ಕಿ ನುಚ್ಚು ಸಾಲದು: ಒಣಮೀನಿನ ಪುಡಿ, ಗೆದ್ದಲು, ಕಡಲೆಕಾಯಿ ಹಿಂಡಿ ಕೊಡಿ. ಹಿಂಡಿ, ಜೋಳ ಮಳೆಗಾಲದಲ್ಲಿ ಬೂಷ್ಟು ಹಿಡಿದಿದ್ದರೆ ಒಣಗಿಸಿ ಹಾಕುವ ಆಸೆ ಬೇಡ. ಆ ಬೂಷ್ಟಿನ ವಿಷ ಒಣಗಿಸಿದರೆ ಹೋಗುವುದಿಲ್ಲ, ಕೋಳಿಯ ಲಿವರ್ ಕೆಡಿಸುತ್ತದೆ.

ಕೊನೆಯದು ಕೊಕ್ಕರೆ ರೋಗದ (ರಾಣಿಖೇತ್ ಎನ್ನುವ ಅಂಟುರೋಗದ) ಲಸಿಕೆ. ಎಂಟು ವಾರ ದಾಟಿದ ಕೋಳಿಗೆ ಆರ್‌ಟೂಬಿ ಲಸಿಕೆಯನ್ನು ರೆಕ್ಕೆಯ ಕೆಳಗೆ ಚರ್ಮದಡಿ ಅರ್ಧ ಎಂಎಲ್ ಕೊಡಿಸಬೇಕು. ಜಂತಿನ ಔಷಧ ಒಂದು ವಾರ ಮೊದಲೇ ಆಗಿರಲಿ. ತೂಕಡಿಸುತ್ತಾ ನಿಂತ, ಹಸಿರು ಹಿಕ್ಕೆ ಹಾಕುವ ಕೋಳಿಗೆ ಲಸಿಕೆ ಬೇಡ, ಅದು ಮದ್ದಲ್ಲ. ಒಂದು ಬಾಟಲಿಯಲ್ಲಿ ಸಾಮಾನ್ಯವಾಗಿ ನೂರು ಕೋಳಿಗೆ ಆಗುವಷ್ಟಿರುತ್ತದೆ, ನಿಮ್ಮಲ್ಲಿ ಹತ್ತೇ ಇದ್ದರೆ ಅಕ್ಕಪಕ್ಕದ ಮನೆಯವರ ಜೊತೆ ಒಂದೇ ದಿನ ಗೊತ್ತು ಮಾಡಿಕೊಳ್ಳಿ. ಐಸ್ ಹಾಕಿದ ಫ್ಲಾಸ್ಕಿನಲ್ಲೇ ತನ್ನಿ, ಲಸಿಕೆಯ ಪುಡಿಯನ್ನು ಅದರ ದ್ರಾವಣಕ್ಕೆ ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಎಲ್ಲ ಮನೆಗಳೂ ಮುಗಿಯಬೇಕು. ಮಿಕ್ಕಿದ್ದನ್ನು ಫ್ರಿಜ್‌ನಲ್ಲಿಟ್ಟು ನಾಳೆ ಹಾಕುತ್ತೇವೆ ಅನ್ನಬೇಡಿ. ಬಾಟಲಿ ಸಮೇತ ನೀರಲ್ಲಿ ಕುದಿಸಿ ಆಳವಾಗಿ ಹೂತುಬಿಡಿ.